ಮಸುಕು ಗೆರೆ

ತೋಡಾರು ದಾಟುವಷ್ಟರಲ್ಲಿ ಬಿಳಿ ಓಮ್ನಿ ನನ್ನ ಬೈಕಿನ ಹಿಂದಿನ ಚಕ್ರಕ್ಕೆ ಮೂಗು ತಾಗಿಸಿತು!

ಎಡಕ್ಕೆ ಎಳೆದೆ. ಅದೂ ಎಡಕ್ಕೆ ಬಂತು. ಬಲಕ್ಕೆ ತಿರುಗಿಸಿದೆ... ಎದುರಿಗೆ ಎಕ್ಸ್‌ಪ್ರೆಸ್ ಬಸ್ಸು!

ನಮ್ಮ ಕಡೆಯ ಎಕ್ಸ್‌ಪ್ರೆಸ್ ಬಸ್ಸು ಗೊತ್ತಲ್ಲ ನಿಮಗೆ? ಅದು ಯಮನಿಗೂ ಸೈಡ್ ಕೊಡುವುದಿಲ್ಲ. ರಸ್ತೆ ಬಿಟ್ಟು ಮಣ್ಣಿಗಿಳಿದೆ. ಬೈಕು ಜಾರಿತು. ನಾನೂ ಜಾರಿದೆ. ಮೊಣಕೈಯ ಚರ್ಮ ತೋಡಾರಿನಲ್ಲೇ ಉಳಿಯಿತು.

ಅಂಗಿಯೊಳಗೆ ಕೈ ಹಾಕಿ ನೋಡಿದೆ. ಎರಡೂ ರಿಪೋರ್ಟ್ ಅಲ್ಲೇ ಇದ್ದವು.

ಸಂಜೆಯೊಳಗೆ ಅವು ಫರಂಗಿಪೇಟೆ ತಲುಪಬೇಕಿತ್ತು. ಇಲ್ಲವಾದರೆ ಜಸೀಲಾ ಎಂಬ ಹೆಣ್ಣುಮಗಳ ತೋಳಿಗೆ ಇನ್ನೊಂದು ಇಂಜೆಕ್ಷನ್ ಬೀಳುತ್ತಿತ್ತು. ಹಿಂದಿನದ್ದಕ್ಕೇ ಆಕೆಯ ಕಣ್ಣು ಅರಸಿನದ ಬಣ್ಣಕ್ಕೆ ತಿರುಗಿತ್ತು. ಫೋನಿನಲ್ಲಿ ಹೇಳಿದರೆ ನಂಬುವವಳಲ್ಲ ಅವಳು.

ನಾನು ಅಬ್ದುಲ್ ಶುಕೂರ್. ಬಿ.ಸಿ. ರೋಡಿನಲ್ಲಿ ಒಂದು ಕೋಣೆ, ಒಂದು ಫೋನು. ಇನ್ಶೂರೆನ್ಸ್ ಕಂಪೆನಿಗಳಿಗೆ ಸುಳ್ಳು ಕಾಯಿಲೆಯವರನ್ನು ಹಿಡಿದುಕೊಡುವುದು ನನ್ನ ಕೆಲಸ. ಬೆನ್ನು ಮುರಿದಿದೆ ಎಂದವನು ವಾಲಿಬಾಲ್ ಆಡುವ ಫೋಟೋ ತೆಗೆದವನು ನಾನೇ. ಹಾಗಾಗಿಯೇ ಫರಂಗಿಪೇಟೆಯ ಮರದ ವ್ಯಾಪಾರಿ ಮೂಸಾಕ ಸೊಸೆ ಜಸೀಲಾಳ ಸುಳ್ಳು ಹಿಡಿಯಲು ನನ್ನನ್ನು ಕರೆದರು.

"ಎರಡು ವರ್ಷದಿಂದ ಸುಸ್ತು ಅಂತ ಮಲಗ್ತಾಳೆ ಮಾರಾಯ! ನನ್ನ ಮಗಳ ಮದುವೆಗೆ ಮಾತ್ರ ಎದ್ದು ರಾಶಿ ರಾಶಿ ಅಕ್ಕಿ ಪತ್ತಿರ್ ತಟ್ಟಿದಳು. ಆಗ ಸುಸ್ತು ಎಲ್ಲಿಗೆ ಹೋಗಿತ್ತು?"

"ಡಾಕ್ಟ್ರು ಏನು ಹೇಳ್ತಾರೆ?"

"ಎಂಥದ್ದೋ ವೈರಸ್ ಅಂತೆ! ಆ ಟೆಸ್ಟ್ ಸುಳ್ಳು ಅಂತ ತೋರಿಸು. ದಮ್ಮಾಮಿನಲ್ಲಿರುವ ಮಗ ಅನ್ಸಾಫನಿಗೆ ಹೇಳಿ ಅವಳನ್ನು ಕೊಕ್ಕಡಕ್ಕೆ, ತವರಿಗೆ ಕಳಿಸ್ತೇನೆ. ಮಗು ಇಲ್ಲೇ ಇರಲಿ."

ಮದುವೆಯ ಮರುದಿನ ಏನಾಯಿತು ಎಂದು ಅವರ ಹೆಂಡತಿ ಬೀಯಮ್ಮನನ್ನು ಕೇಳಿದೆ. ಆಕೆ ಗಂಡನಿಗೆ ಕೇಳದ ಹಾಗೆ ಪಿಸುಗುಟ್ಟಿದರು.

"ಒಂದು ವಾರ ತಲೆ ಬಾಚಲಿಕ್ಕೂ ಕೈ ಎತ್ತಲಿಲ್ಲ ಪಾಪ. ನಾನೇ ಬಾಚಿದ್ದು."

ನನಗೆ ಅಲ್ಲೇ ತಲೆಬಿಸಿ ಶುರುವಾಯಿತು. ನಾನು ಹಿಡಿದ ಕಳ್ಳರೆಲ್ಲ ಜನರೆದುರು ನರಳಿ, ಬಾಗಿಲು ಹಾಕಿಕೊಂಡು ಕುಣಿಯುವವರು. ಇವಳದ್ದು ತಿರುಗುಮುರುಗು. ಜನರೆದುರು ಕುಣಿದು ಬಾಗಿಲ ಹಿಂದೆ ಬೀಳುತ್ತಿದ್ದಳು. ಇಂಥ ಕಳ್ಳಿಯನ್ನು ನಾನು ಕಂಡದ್ದಿಲ್ಲ.

ಇನ್ನು ಟೆಸ್ಟಿನ ಕತೆ ಕೇಳಿ. ಅದು 2010. ಹಿಂದಿನ ವರ್ಷವಷ್ಟೇ ಅಮೆರಿಕದ ಲ್ಯಾಬೊಂದು ಇಂಥ ಸುಸ್ತಿನವರ ರಕ್ತದಲ್ಲಿ ವೈರಸ್ ಕಂಡೆವು ಎಂದಿತ್ತು. ಬೇರೆ ಲ್ಯಾಬಿನವರು ಹುಡುಕಿದರೆ... ಇಲ್ಲ! ಆದರೆ ಜಸೀಲಾಗೆ ಟೆಸ್ಟ್ ಮಾಡಿ ಇಂಜೆಕ್ಷನ್ ಬರೆದ ಮೂಡುಬಿದಿರೆಯ ಡಾಕ್ಟರ್ ಶಶಿಕಿರಣರಿಗೆ ಸಿಕ್ಕಿತ್ತು. ಬೆಳ್ತಂಗಡಿಯಲ್ಲಿ ಅವರ ಭಾಷಣ ಕೇಳಲು ಹೋದೆ.

"ರೋಗಿಗಳಲ್ಲಿ ಹೆಚ್ಚಿನವರಿಗೆ ಉಂಟು. ಆರೋಗ್ಯವಂತರಲ್ಲಿ ಒಬ್ಬರಿಗೂ ಇಲ್ಲ!" ಎಂದರು. ಚಪ್ಪಾಳೆ.

ನಾನು ಎದ್ದು ನಿಂತೆ. "ಆರೋಗ್ಯವಂತರು ಅಂದ್ರೆ ಯಾರು ಡಾಕ್ಟ್ರೇ?"

"ನಮ್ಮ ಲ್ಯಾಬಿಗೆ ಗಲ್ಫ್ ವೀಸಾದ ಮೆಡಿಕಲ್ ಟೆಸ್ಟಿಗೆ ಬರುವ ಹುಡುಗರು."

ನನ್ನ ಕಿವಿ ನೆಟ್ಟಗಾಯಿತು.

ಮೂಸಾಕನ ತೋಳಿನಿಂದ ಎರಡು ಟ್ಯೂಬ್ ರಕ್ತ ತೆಗೆಸಿದೆ. ಒಂದನ್ನು ಶಶಿಕಿರಣರ ಲ್ಯಾಬಿಗೆ ಸುಸ್ತಿನ ರೋಗಿಯದ್ದೆಂದು ಕಳಿಸಿದೆ. ಇನ್ನೊಂದನ್ನು ಕುವೈತಿಗೆ ಹೊರಟ ಅಬ್ದುಲ್ ರವೂಫ್ ಎಂಬ ಇಲ್ಲದ ಹುಡುಗನದ್ದೆಂದು ಕಳಿಸಿದೆ.

ಒಂದೇ ತೋಳು. ಒಂದೇ ರಕ್ತ.

ರೋಗಿ ಪಾಸಿಟಿವ್. ರವೂಫ್ ನೆಗೆಟಿವ್, ಫಿಟ್!

ಅಷ್ಟಕ್ಕೆ ಬಾಯಿ ಮುಚ್ಚಿಕೊಂಡು ಬರಬೇಕಿತ್ತು. ಕೌಂಟರಿನಲ್ಲೇ ನಕ್ಕು "ಎರಡೂ ಒಂದೇ ರಕ್ತ ಮಾರಾಯ್ರೇ!" ಎಂದುಬಿಟ್ಟೆ. ಅದಕ್ಕೇ ಈ ಓಮ್ನಿ.

ಓಮ್ನಿಯ ಬಾಗಿಲು ಸರಿಯಿತು. ಮೊದಲು ಡ್ರೈವರ್ ಇಳಿದ, ಕೈಯಲ್ಲಿ ಜಾಕಿಯ ರಾಡು. ಹಿಂದಿನಿಂದ ಡಾಕ್ಟ್ರು. ಮುಖ ಬೆವತಿತ್ತು.

"ಶುಕೂರ್, ರಿಪೋರ್ಟ್ ಕೊಡಿ."

"ಒಂದೇ ರಕ್ತಕ್ಕೆ ಎರಡು ಫಲ ಹೇಗೆ ಡಾಕ್ಟ್ರೇ?"

ಅವರು ಕರ್ಚೀಫಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು.

"ಟೆಸ್ಟಿನಲ್ಲಿ ಒಂದು ಗೆರೆ ಬರ್ತದೆ. ಮಸುಕು ಗೆರೆ. ಉಂಟಾ ಇಲ್ವಾ ಅಂತ ಕಣ್ಣಿನಲ್ಲೇ ನೋಡಿ ಹೇಳಬೇಕು. ರೋಗಿಯದ್ದಾದ್ರೆ..."

"ಉಂಟು ಅಂತೀರಿ. ಗಲ್ಫ್ ಹುಡುಗನದ್ದಾದ್ರೆ?"

"ಪಾಪ, ವೀಸಾ ಬಂದಿರ್ತದೆ. ಮಸುಕು ಗೆರೆಗಾಗಿ ಅವನ ಅನ್ನ ಕಳೆಯುವುದಾ? ನಮ್ಮ ಲ್ಯಾಬಿನಲ್ಲಿ ಯಾರೂ ಹಾಗೆ ಮಾಡುವುದಿಲ್ಲ."

ಕರುಣೆ! ಇಡೀ ಸಂಶೋಧನೆಯನ್ನು ಕರುಣೆ ತಿಂದುಹಾಕಿತ್ತು. ನನಗೆ ಸಿಟ್ಟು ಬರಬೇಕಿತ್ತು. ಪೂರ್ತಿ ಬರಲಿಲ್ಲ. ನನ್ನ ತಮ್ಮನೂ ಇಂಥದ್ದೇ ಒಂದು ಕರುಣೆಯಿಂದ ದುಬೈ ವಿಮಾನ ಹತ್ತಿದವನು.

"ಯೋಚನೆ ಮಾಡಿ ಶುಕೂರ್. ನನ್ನ ಟೆಸ್ಟ್ ಸುಳ್ಳಾದ್ರೆ ಜಸೀಲಾ ಸುಳ್ಳುಗಾತಿ ಆಗ್ತಾಳೆ. ಅವಳ ಮಾತು ನಂಬಿದ ಡಾಕ್ಟ್ರು ನಾನೊಬ್ಬನೇ."

ರಾಡು ಇನ್ನೂ ಗಾಳಿಯಲ್ಲಿತ್ತು. ಏಟು ಮಾತ್ರ ಆಗಲೇ ಬಿದ್ದಿತ್ತು.

"ಅವಳ ಕಣ್ಣು ಹಳದಿಯಾಗಿದೆ ಡಾಕ್ಟ್ರೇ. ನೋಡಿದ್ದೀರಾ?"

ಡಾಕ್ಟ್ರು ತಲೆ ತಗ್ಗಿಸಿದರು. ಡ್ರೈವರ್ ಅವರ ಮುಖ ನೋಡಿದ. ನನಗೆ ಅಷ್ಟೇ ಬೇಕಿತ್ತು! ಹಿಡಿ ಮಣ್ಣು ಅವನ ಕಣ್ಣಿಗೆ ಎರಚಿದೆ. ಬೈಕೆತ್ತಿ ಕಿಕ್ಕರ್ ಒದ್ದೆ. ಬೀಸಿದ ರಾಡು ಹಿಂದಿನ ಲೈಟಿಗೆ ಬಡಿಯಿತು. ಕೈಕಂಬ... ಪೊಳಲಿ... ಎಲ್ಲೂ ನಿಲ್ಲಿಸಲಿಲ್ಲ.

ಮೂಸಾಕನ ಮನೆಯಲ್ಲಿ ನರ್ಸ್ ಪದ್ಮಾಕ್ಷಿ ಸಿರಿಂಜಿಗೆ ಮದ್ದು ಎಳೆಯುತ್ತಿದ್ದರು.

"ನಿಲ್ಲಿಸಿ!"

ಎರಡೂ ರಿಪೋರ್ಟ್ ಮಂಚದ ಮೇಲೆ ಇಟ್ಟು ಎಲ್ಲವನ್ನೂ ಹೇಳಿದೆ. ಪದ್ಮಾಕ್ಷಿ ಸಿರಿಂಜು ಕೆಳಗಿಟ್ಟರು. ಜಸೀಲಾ ನನ್ನನ್ನೇ ನೋಡಿದಳು. ಹಳದಿ ಕಣ್ಣು ತುಂಬಿತ್ತು.

"ಹಾಗಾದ್ರೆ ನನಗೆ ಎಂಥ ರೋಗ ಶುಕೂರಾಕ?"

"ಗೊತ್ತಿಲ್ಲ."

"ಯಾರಿಗೆ ಗೊತ್ತುಂಟು?"

"ಸದ್ಯಕ್ಕೆ ಯಾರಿಗೂ ಇಲ್ಲ."

"ಆ ಗೆರೆ ಒಂದು ಇತ್ತು ನನ್ನ ಕಡೆಗೆ. ಅದನ್ನೂ ಅಳಿಸಿದಿರಲ್ಲ..."

ಅವಳ ಮುಖ ನೋಡಲಾಗದೆ ರಿಪೋರ್ಟ್ ಮಡಚತೊಡಗಿದೆ, ಸುಳ್ಳು ಯಾಕೆ ಹೇಳಲಿ.

ಮೂಸಾಕ ಮಾತ್ರ ಆಗಲೇ ಫೋನ್ ಎತ್ತಿದ್ದರು. "ರೋಗ ಇಲ್ಲ ಅಂತಾಯ್ತಲ್ಲ! ಅನ್ಸಾಫನಿಗೆ ಈಗಲೇ ಹೇಳ್ತೇನೆ."

"ಸುಳ್ಳಾದದ್ದು ಟೆಸ್ಟ್ ಮೂಸಾಕ. ರೋಗ ಅಲ್ಲ."

"ಎರಡೂ ಒಂದೇ!"

ಅವರನ್ನು ಅಂಗಳಕ್ಕೆ ಕರೆದೆ.

"ಪಾಸಿಟಿವ್ ಬಂದ ಟ್ಯೂಬಿಗೆ ಯಾರ ಹೆಸರು ಬರೆಸಿದ್ದೇನೆ, ನೋಡಿದ್ರಾ? ನಿಮ್ಮದೇ. ಊರು, ಮನೆ ಹೆಸರು ಸಮೇತ."

ಅವರ ಕೈ ಫೋನಿನ ಮೇಲೆಯೇ ನಿಂತಿತು.

"ಟೆಸ್ಟೇ ಸುಳ್ಳು ಅಂದೆಯಲ್ಲ?"

"ಅದು ಗೊತ್ತಿರುವುದು ಈ ಮನೆಯೊಳಗೆ ಮಾತ್ರ. ಪೇಟೆಗೆ ಗೊತ್ತಿಲ್ಲ. ಮೂಸಾಕನಿಗೆ ವೈರಸ್ ಅಂದ್ರೆ ನಾಳೆಯಿಂದ ನಿಮ್ಮ ಮರದ ಡಿಪೋದಲ್ಲಿ ಒಬ್ಬ ಚಾ ಕುಡಿತಾನಾ ನೋಡುವ."

"ನೀನು ನನ್ನ ಕಡೆಯವನಲ್ವಾ ಮಾರಾಯ!"

"ಹೌದು. ಅದಕ್ಕೇ ನಿಮಗೆ ಮೊದಲು ಹೇಳಿದ್ದು. ಜಸೀಲಾ ಎಲ್ಲಿಗೂ ಹೋಗುವುದಿಲ್ಲ. ಮಗುವೂ ಅವಳ ಹತ್ತಿರವೇ. ಮದ್ದು ಬಂದ್. ಕಣ್ಣಿನ ಹಳದಿ ಇಳಿಯುವವರೆಗೆ ಮಂಗಳೂರಿನಲ್ಲಿ ಒಳ್ಳೆಯ ಡಾಕ್ಟ್ರಿಗೆ ತೋರಿಸುವ."

ಫೋನ್ ಜೇಬಿಗೆ ಹೋಯಿತು.

ಆ ಸಂಜೆ ಮೂಸಾಕ ತಾವೇ ಗಂಜಿ ಬಟ್ಟಲು ಹಿಡಿದು ಸೊಸೆಯ ಕೋಣೆಯ ಬಾಗಿಲಿಗೆ ಹೋದರು. ನಂಬಿಕೆಯಿಂದಲ್ಲ, ಹೆದರಿಕೆಯಿಂದ. ಪರವಾಗಿಲ್ಲ... ಗಂಜಿಗೆ ಅದೆಲ್ಲ ಗೊತ್ತಾಗುವುದಿಲ್ಲ!