ತೇವ ತಾಗಬಾರದ ಚೀಲ

ಆ ವರ್ಷದ ಮಳೆಗಾಲ ಇನ್ನೂ ಮುಗಿದಿರಲಿಲ್ಲ. ಸೋಮವಾರ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ, ಟಿವಿಗೆ ಜೋಡಿಸುವ ಪೆಟ್ಟಿಗೆ ತಯಾರಿಸುವ ಕಾರ್ಖಾನೆಯ ಮಾಲೀಕ ಕೊಡೆ ಮಡಚುವುದನ್ನೂ ಮರೆತು ಠಾಣೆಯೊಳಗೆ ನುಗ್ಗಿದ. ಹಿಂದೆ ಅವನ ಸ್ಟೋರ್ ಕೀಪರ್, ಮುಖ ಸಣ್ಣದು ಮಾಡಿಕೊಂಡು.

"ಎರಡು ಸಾವಿರ ಈಥರ್‌ನೆಟ್ ಚಿಪ್ ಹೋಗಿವೆ ಸಾರ್!"

"ಎಷ್ಟು ಲಾರೀಲಿ ಸಾಗಿಸಿದ್ರು?" ಕಾನ್‌ಸ್ಟೇಬಲ್ ಕೇಳಿದ.

"ಲಾರಿ ಯಾಕ್ರೀ? ಒಂದು ಊಟದ ತಟ್ಟೆಯಷ್ಟು ಸುರುಳಿ. ಕಂಕುಳಲ್ಲಿ ಹಿಡಿಯುತ್ತೆ."

ಟಿವಿ ಪೆಟ್ಟಿಗೆಗೆ ಇಂಟರ್‌ನೆಟ್ ತಂತಿ ಸಿಕ್ಕಿಸಿದರೆ, ಆ ತಂತಿಯಲ್ಲಿ ಬಂದದ್ದನ್ನು ಪೆಟ್ಟಿಗೆಗೆ ತಿಳಿಸುವುದು ಈ ಚಿಪ್. ಮೊದಲು ಮೂರು ಚಿಪ್ ಸೇರಿ ಮಾಡುತ್ತಿದ್ದ ಕೆಲಸವನ್ನು ಹೊಸದು ಒಂದೇ ಮಾಡುತ್ತಿತ್ತು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಲೂ ಇತ್ತು.

"ಸ್ಟೋರಿನ ಬೀಗದ ಕೈ ಇವನ ಹತ್ರಾನೇ ಇದ್ದದ್ದು. ಇವನನ್ನ ಒಳಗೆ ಹಾಕಿ," ಎಂದ ಮಾಲೀಕ.

"ಊಟಕ್ಕೆ ಹೋಗುವಾಗ ಮೊಳೆಗೆ ನೇತಾಕಿ ಹೋಗ್ತೀನಿ ಸಾರ್," ಎಂದ ಸ್ಟೋರ್ ಕೀಪರ್. ಅವನ ಕಣ್ಣು ತುಂಬಿತ್ತು.

ಒಂಬತ್ತು ಐವತ್ತಕ್ಕೆ ಎಫ್‌ಐಆರ್ ಆಯಿತು. ಹನ್ನೊಂದಕ್ಕೆ ಠಾಣೆಯ ಇನ್‌ಸ್ಪೆಕ್ಟರ್ ಎದುರು ಸ್ಟೋರಿನಲ್ಲಿ ಪಂಚನಾಮೆ.

"ಕಳೆದುಹೋದ ಮಾಲಿನ ಗುರುತು ಹೇಳಪ್ಪಾ," ಎಂದ ಕಾನ್‌ಸ್ಟೇಬಲ್, ಸ್ಟೋರ್ ಕೀಪರ್ ಕಡೆ ನೋಡಿ.

"ಕಪ್ಪಗೆ, ಚೌಕವಾಗಿ, ಉಗುರಿನಷ್ಟು. ಮೂವತ್ತೆರಡು ಕಾಲು."

"ಇಷ್ಟೊಂದು ಕಾಲಿದ್ರೆ ತಾವೇ ನಡ್ಕೊಂಡು ಹೋಗಿರ್ತವೆ ಬಿಡು!"

ಇನ್‌ಸ್ಪೆಕ್ಟರ್ ನಗಲಿಲ್ಲ. "ಜೊತೆಗೆ ಬೇರೇನು ಹೋಗಿದೆ?"

"ತೇವ ಹೀರೋ ಪೊಟ್ಟಣ ಸಾರ್, ಹತ್ತು. ತೇವ ತಾಗಿದ ಚಿಪ್ಪು ಬೋರ್ಡಿಗೆ ಕೂರಿಸುವಾಗ ಬಿಸಿಗೆ ಒಡೆದೋಗುತ್ತೆ."

"ಮಾರೋ ಕಳ್ಳನಿಗೆ ಇಷ್ಟು ಕಾಳಜಿ ಎಲ್ಲಿರುತ್ತೆ? ಇದು ಒಳಗಿನವರ ಕೆಲಸ. ಇಲ್ಲಿ ತೇವ ಇಲ್ಲದ ಜಾಗ ಇನ್ಯಾವುದು?"

"ಪರೀಕ್ಷೆ ಕೋಣೇಲಿ, ಹಳೇ ಬೋರ್ಡಿನ ಬೀರು."

ಆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬೋರ್ಡುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಹನ್ನೆರಡು ನಲವತ್ತಕ್ಕೆ ಅವಳ ಬೆನ್ನ ಹಿಂದಿನ ಬೀರುವಿನಲ್ಲಿ, ತೇವ ತಾಗದಂತೆ ಸುರುಳಿ ಇಟ್ಟಿದ್ದ ಬೆಳ್ಳಿ ಬಣ್ಣದ ಚೀಲ ಸಿಕ್ಕಿತು. ಕಾನ್‌ಸ್ಟೇಬಲ್ ಬೆರಳಚ್ಚಿಗೆಂದು ಪುಡಿ ಎರಚಿ, ಅರ್ಧ ಗಂಟೆ ಸೀನಿದ. ಇನ್‌ಸ್ಪೆಕ್ಟರ್ ಚೀಲವನ್ನು ತಿರುಗಿಸಿ ನೋಡಿದ. ಚೀಲ ಬಿಚ್ಚಿದವರು ಅದರ ಮೇಲಿನ ಚೀಟಿಯಲ್ಲಿ ದಿನ, ಹೊತ್ತು ಬರೆದು ಸಹಿ ಹಾಕಬೇಕೆಂಬುದು ಕಾರ್ಖಾನೆಯ ನಿಯಮ. ಕೊನೆಯ ಸಾಲು ದುಂಡಗಿನ ಅಕ್ಷರದಲ್ಲಿತ್ತು: ಶನಿವಾರ, ಒಂದು ಹತ್ತು. ಪಕ್ಕದಲ್ಲಿ ಸಹಿ.

ಸ್ಟೋರ್ ಕೀಪರ್ ಸಹಿಯನ್ನು ಗುರುತಿಸಿದ. "ಅಕ್ಕಾ, ನೀನಾ?"

"ಕದ್ದು ಯಾರಾದ್ರೂ ಸಹಿ ಹಾಕ್ತಾರೇನಮ್ಮಾ?" ಎಂದ ಇನ್‌ಸ್ಪೆಕ್ಟರ್.

"ಪೊಟ್ಟಣ ಬದಲಾಯಿಸೋಕೆ ಬಿಚ್ಚಿದೆ. ಬಿಚ್ಚಿದ ಮೇಲೆ ಬರೀದೆ ಇರೋಕಾಗುತ್ತಾ ಸಾರ್?"

"ಸುರುಳಿ ಎತ್ತಿಕೊಂಡು ಬಂದದ್ದು ಯಾಕೆ?"

"ತನ್ನನ್ನ ತಾನೇ ಪರೀಕ್ಷಿಸ್ಕೊಳ್ಳೋ ಈ ಚಿಪ್ಪು ಬೋರ್ಡಿಗೆ ಬಂದ್ರೆ ನನ್ನ ಮೇಜು ಎತ್ತಿಬಿಡ್ತಾರೆ. ಇನ್ನೊಂದು ಸುರುಳಿ ತರಿಸೋಕೆ ಎಂಟು ತಿಂಗಳು, ನನ್ನ ನಿವೃತ್ತಿಗೂ ಎಂಟೇ ತಿಂಗಳು. ಹಾಳು ಮಾಡೋಕೆ ಮಾತ್ರ ಕೈ ಬರ್ಲಿಲ್ಲ." ಅವಳು ಸ್ಟೋರ್ ಕೀಪರ್ ಕಡೆ ತಿರುಗಿದಳು. "ನಿನ್ನ ತಲೆಗೆ ಬರುತ್ತೆ ಅಂತ ಹೊಳೀಲೇ ಇಲ್ಲ ಕಣೋ."

ಒಂದು ಇಪ್ಪತ್ತೈದಕ್ಕೆ ಬಂಧನ. ಬಂಧನದ ಕಾಗದದಲ್ಲಿ ಕಾನ್‌ಸ್ಟೇಬಲ್ ಹೊತ್ತು ಬರೆಯಲು ಮರೆತಿದ್ದ. ಅಕ್ಕ ಅವನ ಪೆನ್ನು ಇಸಿದುಕೊಂಡು ತಾನೇ ತುಂಬಿಸಿದಳು.

ಮಂಗಳವಾರ ಜಾಮೀನು ಸಿಕ್ಕಿತು. ಗುರುವಾರ ಅಕ್ಕ ತನ್ನ ಸಾಮಾನು ತೆಗೆದುಕೊಂಡು ಹೋಗಲು ಬಂದಳು. ಅವಳ ಸಾಮಾನಿನ ಚೀಲವನ್ನು ಗೇಟಿನವರೆಗೆ ಸ್ಟೋರ್ ಕೀಪರನೇ ಹೊತ್ತುಕೊಟ್ಟ. ಅವನು ಹಿಂದಿರುಗಿ ಬಂದಾಗ ಅವಳ ಮೇಜಿನ ಮೇಲೆ ಒಂದು ಚೀಟಿ ಅಂಟಿಸಿತ್ತು: ಪರೀಕ್ಷೆ ಮುಗಿಯಿತು. ಗುರುವಾರ, ಸಂಜೆ ಐದು ಹತ್ತು. ಕೆಳಗೆ ಸಹಿ.