ಚೈತ್ರದಲ್ಲಿ ಕಳುವಾದ ಉಣ್ಣೆ ಕೋಟುಗಳು

ಏಪ್ರಿಲ್ 10, ಶುಕ್ರವಾರ, ಬೆಳಿಗ್ಗೆ ಒಂಬತ್ತೂವರೆ. ಸಿಂಧನೂರು ಠಾಣೆಯ ಹೆಡ್ ಕಾನ್‌ಸ್ಟೇಬಲ್ ಗದ್ದೆಪ್ಪ ಬೈಕು, ಬಂಗಾರ, ಪಂಪಸೆಟ್ಟು ಎಲ್ಲದರ ಕಳವಿನ ದೂರನ್ನೂ ಬರೆದುಕೊಂಡವನು. ನೆತ್ತಿ ಸುಡುವ ಚೈತ್ರದಲ್ಲಿ ಉಣ್ಣೆ ಕೋಟು ಕಳುವಾಯಿತೆಂದು ಬಂದವರನ್ನು ಅಂದೇ ಮೊದಲು ಕಂಡ.

ದೂರುದಾರ ಕಿರಾಣಿ ವ್ಯಾಪಾರಿ ಅಮರಗುಂಡಪ್ಪ. ಮರುದಿನ ಮನೆಯ ನಾಲ್ವರೂ ನಾರ್ವೆ ದೇಶದ ಬರ್ಗೆನ್ ಎಂಬ ಕಡಲೂರಿಗೆ ಹೊರಡುವವರಿದ್ದರು. ದರ್ಜಿ ಯೂನುಸ ಹೊಲಿದುಕೊಟ್ಟ ನಾಲ್ಕು ಕೋಟುಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದ್ದರು. ಹಿಂದಿನ ಸಂಜೆ ನೋಡಿದರೆ ಒಂದೂ ಇರಲಿಲ್ಲ.

"ನಾವು ಹೆಂಗರ ತಡಕೋತೀವ್ರಿ. ಅವ್ವಂದು ಎದಿ ಸೂಕ್ಷ್ಮ. ಕೋಟಿಲ್ಲಂದ್ರ ಅಕಿನ್ನ ಬಿಟ್ಟು ಹೋಗಬೇಕಾಕೈತಿ."

ಅವ್ವ ಕಸ್ತೂರೆಮ್ಮ ಬೆಂಚಿನ ಮೇಲೆ ಕೂತಿದ್ದಳು. ಕಡಲಿನ ದಂಡೆಗೇ ಹಿಮದ ಗುಡ್ಡ ನಿಂತ ಆ ಊರನ್ನು ಮೊಮ್ಮಗನ ಮೊಬೈಲಿನಲ್ಲಿ ಕಂಡು, ಹೋಗೋಣವೆಂದು ಮೊದಲು ಹಟ ಹಿಡಿದವಳೇ ಅವಳು.

ಎಫ್‌ಐಆರ್ ದಾಖಲಾಯಿತು. ಮಾಳಿಗೆಯ ಪಂಚನಾಮೆಗೆ ಹೋಗಿ ನೋಡಿದರೆ, ಪಕ್ಕದಲ್ಲೇ ತೊಳೆದಿಟ್ಟಿದ್ದ ಬೆಳ್ಳಿಯ ಪೂಜಾ ಸಾಮಾನು ಅಲುಗಿರಲಿಲ್ಲ. ಕೋಟುಗಳನ್ನು ಲಿಂಗಸುಗೂರಿನ ಸಂತೆಯಲ್ಲಿ ಮಾರಿರಬೇಕೆಂದು ಗದ್ದೆಪ್ಪ ಊಹಿಸಿದ.

"ಈ ಬಿಸಲಾಗ ಕೊಳ್ಳೋರು ಯಾರು?" ಇನ್‌ಸ್ಪೆಕ್ಟರ್ ದುರ್ಗಾದೇವಿ ಬೆವರು ಒರೆಸಿಕೊಂಡರು. "ಬೆಳ್ಳಿ ಬಿಟ್ಟು ಉಣ್ಣಿ ಒಯ್ದಾನಂದ್ರ ಅವಂಗ ಚಳಿ ಐತಿ. ನಮ್ಮ ಕಡೆ ಈಗ ಚಳಿ ಎಲ್ಲೈತಿ, ಗದ್ದೆಪ್ಪ?"

ಗದ್ದೆಪ್ಪ ತಲೆ ಕೆರೆದುಕೊಂಡ. ಆಮೇಲೆ ಹೊಳೆಯಿತು: ಮಸ್ಕಿ ರಸ್ತೆಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್! ಮೇಡಂ ತಲೆಯೇ ತಲೆ ಎಂದು ಮನಸ್ಸಿನಲ್ಲೇ ಕೈಮುಗಿದ.

ಅಲ್ಲಿನ ದಪ್ಪ ಬಾಗಿಲು ತೆರೆದದ್ದೇ ಅವನ ಹಲ್ಲು ಕಟಕಟಿಸಿದವು. ಒಳಗೆ ನಾಲ್ವರು ಹೆಂಗಸರು ಚೀಲ ಒಟ್ಟುತ್ತಿದ್ದರು. ಸೀರೆಯ ಮೇಲೆ ಕೋಟು, ಯೂನುಸ ಹೇಳಿದ್ದ ಅದೇ ಕೆಂಪು ಅಸ್ತರು.

"ಯಾರು ಕೊಟ್ರು?"

"ಮಾಲಕರು ಕೊಟ್ಟಾರಂತ್ರೀ," ಎಂದಳು ಅಮರೇಶ್ವರಿ ಎಂಬಾಕೆ. "ಮುಕಾದಮ ನರಸಣ್ಣ ತಂದು ಹಂಚ್ಯಾನ."

ಹಮಾಲರ ಮೇಲ್ವಿಚಾರಕ ನರಸಣ್ಣ ಓಡಲಿಲ್ಲ.

"ಅಮರಗುಂಡಪ್ಪನವರ ಮನಿ ಮಾಳಗಿಗೆ ಮೆಣಸಿನಕಾಯಿ ಚೀಲ ಏರಿಸಾಕ ಹೋಗಿದ್ದೆ. ಕಂಡವು, ಕದ್ದೀನ್ರಿ."

"ಇವರಿಗೆ ಕಂಬಳಿ ಇದ್ದಿಲ್ಲೇನು?"

"ಇದ್ದವ್ರಿ. ಚೀಲ ಎತ್ತುವಾಗ ಜಾರತಾವ."

ಮಧ್ಯಾಹ್ನ ಮೂರಕ್ಕೆ ಬಂಧನವಾಯಿತು, ಕೋಟುಗಳು ಜಪ್ತಿಯಾದವು. ಕೋರ್ಟಿನ ಆದೇಶವಿಲ್ಲದೆ ಅವನ್ನು ಮರಳಿಸುವಂತಿಲ್ಲ, ಆದೇಶ ಸೋಮವಾರಕ್ಕೆ ಮೊದಲು ಸಿಗುವಂತಿಲ್ಲ. ಅದನ್ನು ಕೇಳಿ ಕಸ್ತೂರೆಮ್ಮನ ಮುಖ ಸಣ್ಣದಾಯಿತು.

"ಯಾಕ ಕದ್ದಾನಂತ?" ಎಂದು ಮಾತ್ರ ಕೇಳಿದಳು.

ಗದ್ದೆಪ್ಪ ಹೇಳಿದ. ಹೋದ ವರ್ಷ ಕೋಲ್ಡ್ ಸ್ಟೋರೇಜಿನ ಥಂಡಿಗೆ ಕೆಲಸದ ಒಬ್ಬಾಕೆ ಎದೆನೋವು ಹಿಡಿದು ಹಾಸಿಗೆ ಸೇರಿದ್ದಳು. ಬೆಚ್ಚನೆಯ ಬಟ್ಟೆ ಕೊಡಿರೆಂದು ನರಸಣ್ಣ ಮಾಲಕನ ಕಾಲು ಹಿಡಿದರೂ ಆತ ಕೊಡಲಿಲ್ಲ. ಕದ್ದ ಮಾಲೆಂದರೆ ಹೆಂಗಸರು ಮುಟ್ಟುವುದಿಲ್ಲವೆಂದು, ಕೊಟ್ಟ ಪುಣ್ಯವನ್ನೂ ನರಸಣ್ಣ ಅದೇ ಮಾಲಕನ ಹೆಸರಿಗೆ ಹಚ್ಚಿದ್ದ.

ಮುದುಕಿ ಸೆರಗು ಸರಿಮಾಡಿಕೊಂಡು ಎದ್ದಳು.

"ನಾ ಏನು ಅಲ್ಲಿ ಚೀಲ ಎತ್ತಾಕ ಹೊಂಟೀನೇನ್ರಿ? ಸಮುದ್ರ ನೋಡಾಕ ಹೊಂಟೀನಿ. ಕುಂತು ನೋಡೋರಿಗೆ ಕಂಬಳಿ ಸಾಕು. ಏ ಗುಂಡಪ್ಪಾ, ಕೋಟು ಬಿಡಿಸಿ ಆ ಹೆಣ್ಮಕ್ಕಳಿಗೇ ಕೊಡಾಕ ವಕೀಲರಿಗೆ ಹೇಳು."

ಮಗ ವಕೀಲರಿಗೆ ಫೋನ್ ಹಚ್ಚಿದ. ಎಂಥಾ ಹೆಣ್ಣುಮಗಳಪ್ಪಾ ಎಂದುಕೊಂಡ ಗದ್ದೆಪ್ಪ.

ವಾರದ ಮೇಲೆ ಅವನ ಮೊಬೈಲಿಗೊಂದು ಫೋಟೋ ಬಂತು. ಹಿಂದೆ ಹಿಮದ ಗುಡ್ಡ, ಬಣ್ಣಬಣ್ಣದ ಮರದ ಮನೆಗಳು, ಹಡಗು. ಮುಂದೆ ಕರಿ ಕಂಬಳಿ ಹೊದ್ದು ನಗುತ್ತಿದ್ದ ಕಸ್ತೂರೆಮ್ಮ. ಜಾಮೀನಿನ ಮೇಲೆ ಹೊರಬಂದು ಠಾಣೆಗೆ ಸಹಿ ಹಾಕಲು ಬಂದಿದ್ದ ನರಸಣ್ಣನಿಗೆ ಅದನ್ನು ತೋರಿಸಿದ.

ನರಸಣ್ಣ ಬಹಳ ಹೊತ್ತು ನೋಡಿದ.

"ಅವ್ವಾರ ಎದಿಗೆ ಚಳಿ ಹಿಡದಿಲ್ಲಲ್ರೀ?" ಎಂದು ಕೇಳಿದ.