ಹೂವಷ್ಟೇ ಕಳುವಾದ ಸಾಸಿವೆ

“ಕಳ್ಳತನ ಅಲ್ಲ ಮೇಡಂ, ಕೊಲೆ ಇದು. ಬರ್ಕೊಳ್ಳಿ.”

“ಗಿಡಕ್ಕ ಕೊಲೆ ಕೇಸು ಹಾಕಂಗಿಲ್ರಿ. ಕೂಡ್ರಿ ಮೊದಲ.”

“ಕೂತ್ಕೊಳ್ಳೋಕೆ ಬಂದಿಲ್ಲ. ನಮ್ಮ ಬೆಳೆ ಬೇಡ ಅಂತ ಗೇಟ್ ಮುಂದೆ ದಿನಾ ಬೋರ್ಡು ಹಿಡ್ಕೊಂಡು ನಿಲ್ತಾರಲ್ಲ, ಅವರನ್ನ ಎಳ್ಕೊಂಡು ಬನ್ನಿ.”

“ಯಾರನ್ನ ಎಳೀಬೇಕು ಅಂತ ನೀವ ಹೇಳೋದಾದ್ರ, ಈ ಕುರ್ಚಿಗೂ ನೀವ ಬರ್ರಿ.”

ಅಮೆರಿಕದ ಫ್ರೀಮಾಂಟ್ ಠಾಣೆಯಲ್ಲಿ ಮಾರ್ಚ್ ತಿಂಗಳ ಆ ಬೆಳಿಗ್ಗೆ ದೂರು ದಾಖಲಾದದ್ದು ಹೀಗೆ. ದೂರುದಾರ ಶೇಷಗಿರಿ, ಬೀಜದ ಕಂಪನಿಯ ಮಾಲೀಕ. ಅವನ ಪ್ರಯೋಗದ ತಾಕಿನಲ್ಲಿ ಕಳೆನಾಶಕಕ್ಕೂ ಬಗ್ಗದ ಕುಲಾಂತರಿ ಸಾಸಿವೆ ಇತ್ತು. ಅದರ ಹೂವನ್ನೆಲ್ಲ ಯಾರೋ ಕತ್ತರಿಸಿದ್ದರು. ಕುರ್ಚಿಯಲ್ಲಿದ್ದವಳು ಡಿಟೆಕ್ಟಿವ್ ತಾಹಿರಾ, ಹುಬ್ಬಳ್ಳಿಯವಳು.

ಹತ್ತೂವರೆಗೆ ಸ್ಥಳ ಮಹಜರು. ಅಲ್ಲಿ ಅದಕ್ಕೆ ಬೇರೆ ಹೆಸರಿದ್ದರೇನು, ಕೆಲಸ ಅದೇ. ಬೀಗ ಒಡೆದಿರಲಿಲ್ಲ. ಒಂದು ಕಾಂಡವೂ ಮುರಿದಿರಲಿಲ್ಲ. ನೆಲದ ಮೇಲೆ ಒಂದು ಎಸಳೂ ಇರಲಿಲ್ಲ.

“ಕಳ್ಳ ಕಸಾನೂ ಗುಡಿಸಿದ್ದಾನೆ ಮೇಡಂ,” ಎಂದ ಪೇದೆ ಸುಜಯ್. “ನಮ್ಮ ಅಪಾರ್ಟ್‌ಮೆಂಟಿಗೂ ಒಂದ್ಸಲ ಕಳ್ಸಿ.”

ತಾಹಿರಾ ನಗಲಿಲ್ಲ. ತಾಕಿಗೆ ಹೊದಿಸಿದ್ದ ಬಲೆಯಲ್ಲಿ ಮೊಳದುದ್ದದ ಹೊಸ ಹೊಲಿಗೆ ಕಂಡಿತ್ತು. ಬೇಲಿಯಾಚೆ ಗುಡ್ಡದ ತುಂಬ ಕಾಡು ಸಾಸಿವೆ ಹಳದಿಯಾಗಿ ಅರಳಿತ್ತು.

“ಬಲೆ ಯಾವಾಗ ಹರೀತ್ರಿ?”

ಶೇಷಗಿರಿ ತಡವರಿಸಿದ. “ಹೋದ ವಾರ. ಗಾಳಿಗೆ.”

“ಯಾರು ಬಂದು ಹೇಳಿದ್ರು?”

“ಮೈಥಿಲಿ. ನಮ್ಮ ಲ್ಯಾಬಿನ ವಿಜ್ಞಾನಿ, ಈ ಸಾಸಿವೆ ಮಾಡಿದ್ದೇ ಅವಳು. ಹೂವು ತೆಗೆಸಿ ಅಂದ್ಲು. ಇನ್ವೆಸ್ಟರ್ಸ್ ಮೀಟಿಂಗು ಮುಗೀಲಿ ಅಂದೆ.”

ಲ್ಯಾಬಿನಲ್ಲಿ ಮೈಥಿಲಿ ಮೊದಲ ಪ್ರಶ್ನೆಗೇ ಒಪ್ಪಿಕೊಂಡಳು.

“ಹೂವು ಎಲ್ಲಿ?”

“ಆವಿಯಲ್ಲಿ ಬೇಯಿಸಿ ಸಾಯಿಸಿದೆ. ಹೊಲಿದ ಬಲೆ ಮತ್ತೆ ಹರೀಬಹುದು. ಪರಾಗ ಗುಡ್ಡಕ್ಕೆ ಹಾರಿದ್ರೆ ಕಾಡು ಸಾಸಿವೆ ಜೊತೆ ಸೇರ್ಕೊಳ್ಳುತ್ತೆ. ಆಮೇಲೆ ಯಾವ ಔಷಧಿಗೂ ಸಾಯದ ಕಳೆ ಹುಟ್ಟುತ್ತೆ.”

“ನಿಮ್ಮ ಬೆಳೀನ ಕೆಟ್ಟದ್ದು ಅಂತೀರೇನು?”

“ಇಲ್ಲ. ನನ್ನ ಬೆಳೆ ಒಳ್ಳೇದೇ. ಗಾಳಿಗೆ ಬಿಡೋದು ತಪ್ಪು.”

ಹೆತ್ತ ಕೂಸಿನ ಕೈ ತಾನೇ ಹಿಡಿದು ಕಟ್ಟಿಹಾಕಿದ ತಾಯಿಯಂತೆ ಇದ್ದಳು ಅವಳು. ಇಷ್ಟು ವರ್ಷ ತಾನು ಹಿಡಿದವರಲ್ಲಿ ಯಾರಿಗೂ ತಾಹಿರಾ ಕುರ್ಚಿ ಎಳೆದುಕೊಟ್ಟಿರಲಿಲ್ಲ. ಅಂದು ಕೊಟ್ಟಳು. ಆಮೇಲೆ ದಸ್ತಗಿರಿ ಮಾಡಿದಳು.

ಸಂಜೆ ಶೇಷಗಿರಿ ಠಾಣೆಗೆ ಬಂದ. ದನಿ ತಗ್ಗಿತ್ತು.

“ಮೈಥಿಲಿ, ಗಿಡಕ್ಕೆ ರೋಗ ಬಂತು, ಅದಕ್ಕೇ ಕತ್ತರಿಸಿದೆ ಅಂತ ಬರ್ಕೊಡಮ್ಮ. ಇನ್ವೆಸ್ಟರ್ಸ್‌ಗೆ ಬಲೆ ಸುದ್ದಿ ತಿಳಿಯೋದು ಬೇಡ. ಕಂಪ್ಲೇಂಟು ವಾಪಸ್ ತಗೋತೀನಿ. ಸೋಮವಾರ ಆಫೀಸಿಗೆ ಬಾ.”

“ಬಲೆ ಹರಿದಿತ್ತು ಅಂತ ನೀವು ಬರ್ಕೊಡ್ತೀರಾ ಸರ್?”

ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ.

“ಹಾಗಾದ್ರೆ ಕೇಸು ಇರ್ಲಿ. ಕೋರ್ಟಲ್ಲಿ ನಾನೇ ಹೇಳ್ತೀನಿ.”

ಕೋರ್ಟಿಗೆ ಬರಬೇಕಾದ ದಿನಾಂಕದ ಚೀಟಿಗೆ ಮೈಥಿಲಿ ರುಜು ಹಾಕಿದಳು; ಅಷ್ಟಕ್ಕೆ ಬಿಡುಗಡೆ. ಲ್ಯಾಬಿನ ಕೀಲಿಯನ್ನು ಅವನ ಮುಂದಿಟ್ಟು ಬಾಗಿಲು ತೆರೆದು ಹೋದಳು. ಸೋಮವಾರ ಅವನು ಕಾದ. ಅವಳು ಬರಲಿಲ್ಲ, ಆಮೇಲೂ ಬರಲಿಲ್ಲ.